ಪತ್ರಿಕೆಯ ಚರಿತ್ರೆಗೆ ಅಪ್ಪನ ತಿದ್ದುಪಡಿ

ನಮ್ಮ ಮನೆಗೆ ಬರುವ ಇಂಗ್ಲಿಷ್ ಪತ್ರಿಕೆ ಸೇಡಂ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದು, ಬಸ್ಸು ಹತ್ತಿ ಚಿಂಚೋಳಿ ಮುಟ್ಟುವಷ್ಟರಲ್ಲಿ ಒಂದು ದಿನ ಹಳೆಯದಾಗಿರುತ್ತದೆ. ನಿವೃತ್ತ ಮಾಸ್ತರರಾದ ಅಪ್ಪ ಅದನ್ನು ಕೆಂಪು ಪೆನ್ನು ಹಿಡಿದೇ ಓದುತ್ತಾರೆ. ತಪ್ಪು ಕಂಡರೆ ಬಿಡುವವರಲ್ಲ.

ಹೋದ ವರ್ಷ ಪತ್ರಿಕೆ ತನ್ನ ಹುಟ್ಟುಹಬ್ಬಕ್ಕೆ ತನ್ನದೇ ಚರಿತ್ರೆಯನ್ನು ಪುರವಣಿಯಾಗಿ ತಂದಿತು. ಮೊದಲ ಮುದ್ರಣಯಂತ್ರ, ಹಳೆಯ ಸಂಪಾದಕರು, ಎಲ್ಲದರ ಫೋಟೊ ಇತ್ತು. ದೇಶದ ಮೂಲೆಮೂಲೆಗೂ ದಿನಾ ಬೆಳಿಗ್ಗೆ ತಲುಪುತ್ತೇವೆ ಎಂಬ ಸಾಲಿಗೆ ಅಪ್ಪ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಚಿಂಚೋಳಿಗೆ ಮರುದಿನ’ ಎಂದು ಬರೆದರು.

ನನಗೆ ರೇಗಿತು. “ಇವತ್ತೊಂದಿನ ಬಿಡ್ರಿ ಅಪ್ಪಾ, ಪತ್ರಿಕೆ ಹುಟ್ಟುಹಬ್ಬ ಅದ,” ಎಂದೆ.

ಅಪ್ಪ ತಲೆ ಎತ್ತಲಿಲ್ಲ. “ಅದು ನಿನ್ನೇನೇ ಆಗಿಹೋಗ್ಯದ,” ಅಂದರು.