ಐರಿನ್ ಟೀಚರ ಪುಟ್ಟ ಕುರ್ಚಿ

ಒಂದು ಕಿಲೋ ಬೂತಾಯಿ ಮೀನು ಇಟ್ಟುಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದೆ. ತಲೆ ತೆಗೆದು, ಹೊಟ್ಟೆ ಸೀಳಿ, ನೀರಿನ ಪಾತ್ರೆಗೆ ಹಾಕುವ ಕೆಲಸ. ಅರ್ಧ ಆಗಿತ್ತು. ಆಗ ಮಂಗಳೂರಿನಿಂದ ಮಗಳು ಆಮ್ನಾಳ ಫೋನ್ ಬಂತು. ಕಿರುಬೆರಳಿನಿಂದ ಒತ್ತಿ ಸ್ಪೀಕರ್ ಹಾಕಿದೆ.

"ಉಮ್ಮಾ, ಐರಿನ್ ಟೀಚರ್ ಹೋಗ್ಬಿಟ್ರು. ನಿನ್ನೆ ಬೆಳಿಗ್ಗೆ. ನಿದ್ದೆಯಲ್ಲೇ ಅಂತೆ."

"ಇನ್ನಾ ಲಿಲ್ಲಾಹಿ" ಎಂದೆ. ನಿದ್ದೆಯಲ್ಲೇ ಹೋದದ್ದೂ ಒಂದು ಕರುಣೆ, ನರಳಲಿಲ್ಲ. ಆಮ್ನಾ ಇಪ್ಪತ್ತು ನಿಮಿಷ ಬಿಡದೆ ಮಾತಾಡಿದಳು. ನಾನು ಹೂಂಗುಟ್ಟುತ್ತಾ ಕೇಳಿದೆ. ಈ ಹುಡುಗಿ ಒಂದು ಕಾಲದಲ್ಲಿ ಮನೆಯ ಬಾಗಿಲು ದಾಟಿದರೆ ಒಂದಕ್ಷರ ಬಾಯಿ ಬಿಡುತ್ತಿರಲಿಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ.

ಐರಿನ್ ಟೀಚರ್ ಎಂದರೆ ನನಗೆ ಮೊದಲು ಕಾಣುವುದು ಮಕ್ಕಳ ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಅವರ ದೊಡ್ಡ ದೇಹ. ಎತ್ತರದ ಹೆಂಗಸು, ತೂಕವೂ ಇತ್ತು, ಕಾಲು ಸದಾ ಊದಿಕೊಂಡಿರುತ್ತಿತ್ತು. ಆದರೂ ದೊಡ್ಡವರ ಕುರ್ಚಿಯಲ್ಲಿ ಅವರು ಕುಳಿತದ್ದನ್ನು ನಾನು ನೋಡಿಲ್ಲ. ಮಗುವನ್ನು ಸೇರಿಸಲು ಬಂದ ತಂದೆತಾಯಿಯನ್ನೂ ಅಂಥದೇ ಕುರ್ಚಿಯಲ್ಲಿ ಕೂರಿಸುತ್ತಿದ್ದರು. "ಕೂತ್ಕೊಳ್ಳಿ, ಮುರಿಯೂದಿಲ್ಲ. ಇಲ್ಲಿಂದ ನೋಡಿದ್ರೆ ನಾವು ಎಷ್ಟು ದೊಡ್ಡ ಭೂತಗಳು ಅಂತ ಗೊತ್ತಾಗ್ತದೆ," ಎನ್ನುತ್ತಿದ್ದರು.

ಇಲ್ಲಿ ಗಲ್ಫಿನಲ್ಲಿ, ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲಿ ಅವರದು ಎರಡನೇ ಮಾಳಿಗೆ, ನಮ್ಮದು ನಾಲ್ಕನೆಯದು. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು. ಗಂಡನದು ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ. ಟೀಚರ್ ಮನೆಯ ಹಾಲ್‌ನಲ್ಲೇ ಹನ್ನೆರಡು ಮಕ್ಕಳಿಗೆ ನರ್ಸರಿ ನಡೆಸುತ್ತಿದ್ದರು. ಹದಿಮೂರನೆಯ ಮಗು ಯಾರದೇ ಆದರೂ ಸೇರಿಸುತ್ತಿರಲಿಲ್ಲ. "ಕಣ್ಣು ಎರಡೇ ಇರೂದು ನನ್ಗೆ," ಎನ್ನುತ್ತಿದ್ದರು.

ಆಮ್ನಾಳಿಗೆ ಮೂರೂವರೆ ಆದಾಗ ಅವಳನ್ನು ಎಲ್ಲಿಗೆ ಕಳಿಸುವುದು ಎಂಬ ಮಾತು ಬಂತು. ಬ್ನೇದ್ ಅಲ್ ಗಾರ್‌ನಲ್ಲಿದ್ದ ನಮ್ಮ ಭಾವ, ಎಂದರೆ ನನ್ನ ಗಂಡನ ಅಣ್ಣ, ತಮ್ಮ ಮನೆಯ ಹತ್ತಿರ ಧರ್ಮ ಕಲಿಸುವ ದೀನಿ ನರ್ಸರಿಯ ಹೆಸರು ಹೇಳಿದರು. ಅಲ್ಲಿ ಮೊದಲ ವರ್ಷವೇ ಕುರಾನಿನ ಸಣ್ಣ ಸೂರಾಗಳನ್ನು ಬಾಯಿಪಾಠ ಮಾಡಿಸುತ್ತಾರೆ. "ಎ ಬಿ ಸಿ ಯಾವಾಗ ಬೇಕಾದ್ರೂ ಬರ್ತದೆ. ದೀನ್ ಈಗ್ಲೇ ಬರ್ಬೇಕು," ಎಂದರು. ನನಗೂ ಅದೇ ಆಸೆ. ಐದು ಹೊತ್ತಿನ ನಮಾಜು ಬಿಡದವಳು ನಾನು, ಮಗಳು ಅಲ್ಲಾಹನ ಹೆಸರು ಹೇಳಿ ಅಕ್ಷರ ಶುರು ಮಾಡಲಿ ಎಂಬುದು ನನಗಿಲ್ಲದೆ ಇನ್ಯಾರಿಗಿರಬೇಕು?

ಹೋಗಿ ನೋಡಿದೆವು. ಒಳ್ಳೆಯ ಜಾಗ, ಕೊರತೆ ಹೇಳಿದರೆ ಪಾಪ ಬರುತ್ತದೆ. ಶುಭ್ರವಾದ ಜಮಖಾನೆ, ಸಮಾಧಾನದಿಂದ ಕಲಿಸುವ ಉಸ್ತಾದೆ. ಆದರೆ ಒಂದು ಕೋಣೆಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದುತ್ತಿದ್ದರು. ಆಮ್ನಾ ನನ್ನ ಅಬಾಯದೊಳಗೆ ಹೊಕ್ಕು ಕಾಲು ತಬ್ಬಿ ನಿಂತಳು. ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಮನೆಗೆ ಬಂದ ಮೇಲೂ ಎರಡು ದಿನ ನನ್ನೊಡನೆ ಕೂಡ ಮಾತಾಡಲಿಲ್ಲ. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮನೆಯಲ್ಲಾದರೂ ಇದ್ದ ಮಾತು ಹೋಗಿಬಿಟ್ಟರೆ ಏನು ಗತಿ?

ಎರಡು ರಕಾಅತ್ ನಮಾಜು ಮಾಡಿ, ದಾರಿ ತೋರಿಸು ಎಂದು ಬೇಡಿ, ಕೆಳಗೆ ಐರಿನ್ ಟೀಚರ ಬಾಗಿಲು ತಟ್ಟಿದೆ. ಒಂದು ಮಗು ಊರಿಗೆ ಹೋಗಿ ಜಾಗ ಖಾಲಿಯಾಗಿತ್ತು. ಅದೂ ಒಂದು ಕರುಣೆಯೇ. ನನ್ನ ಗಂಡ ಮಿರ್ಕಾಬ್‌ನ ಅಂಗಡಿಯಿಂದ ಮಧ್ಯಾಹ್ನದ ಬಿಡುವಿನಲ್ಲಿ ಬಂದು, ಮೊಣಕಾಲು ಗದ್ದಕ್ಕೆ ತಾಗುವಂತೆ ಆ ಕುರ್ಚಿಯಲ್ಲಿ ಕುಳಿತರು. ಟೀಚರ್ ಮಗುವಿನ ಬಣ್ಣ ಗುರುತಿಸುವ ಪರೀಕ್ಷೆ ಮಾಡಲಿಲ್ಲ. ಒಂದು ಗೆರೆ ಹಾಕಿದ ಪುಸ್ತಕ ತೆರೆದು ಕೇಳಿದ್ದು ಇಷ್ಟೇ: "ನಿಮ್ಮ ಮನೆಯಲ್ಲಿ ಉಣ್ಣುವ ಮೊದ್ಲು ಎಂತ ಹೇಳ್ತೀರಿ?"

"ಬಿಸ್ಮಿಲ್ಲಾ," ಎಂದೆ. ಆಮ್ನಾಳ ಹೆಸರಿನ ಕೆಳಗೆ ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು.

ಅದು ಅವರ ಪದ್ಧತಿ. ಹತ್ತು ಗಂಟೆಗೆ ಟಿಫಿನ್ ಡಬ್ಬಿ ತೆರೆಯುವ ಮೊದಲು ಪ್ರತಿ ಮಗುವೂ ಸರದಿಯಲ್ಲಿ ತನ್ನ ಮನೆಯದನ್ನು ಹೇಳಬೇಕು. ಕೊಂಕಣಿ ಮಕ್ಕಳು ಶಿಲುಬೆ ಗುರುತು ಮಾಡಿ ಪ್ರಾರ್ಥನೆ ಹೇಳುತ್ತಿದ್ದವು, ಉಡುಪಿ ಕಡೆಯ ಮಗು "ಗೋವಿಂದ" ಎನ್ನುತ್ತಿತ್ತು, ನಮ್ಮ ಬ್ಯಾರಿ ಮಕ್ಕಳು "ಬಿಸ್ಮಿಲ್ಲಾ" ಎನ್ನುತ್ತಿದ್ದವು. ಒಬ್ಬರು ಹೇಳುವಾಗ ಉಳಿದವರು ಸುಮ್ಮನಿರಬೇಕು.

ಒಂದು ತಿಂಗಳಾದರೂ ಆಮ್ನಾ ಅಲ್ಲಿ ಮಾತಾಡಲಿಲ್ಲ. ಅಳಲೂ ಇಲ್ಲ. ಶರಲ್ ಎಂಬ ಕೊಂಕಣಿ ಹುಡುಗಿಯ ಪಕ್ಕ ಕುಳಿತರೆ ಡಬ್ಬಿ ಖಾಲಿ ಮಾಡುತ್ತಿದ್ದಳು. ನಾನು ದಿನಾ ಕೇಳುತ್ತಿದ್ದೆ, "ಏನಾದ್ರೂ ಹೇಳಿದ್ಲಾ ಟೀಚರ್?" ಅವರದು ಒಂದೇ ಉತ್ತರ: "ಅವಸರ ನಮ್ಗೆ ಇರೂದು ಮಾರಾಯ್ತಿ, ಅವಳಿಗೆ ಇಲ್ಲ."

ಒಂದು ಶುಕ್ರವಾರ ಜುಮಾ ಮುಗಿಸಿ ಭಾವ ನಮ್ಮಲ್ಲಿಗೆ ಊಟಕ್ಕೆ ಬಂದರು. ತುಪ್ಪದ ನೈಚೋರು, ಕೋಳಿ ಸಾರು. ಆಮ್ನಾ ತಟ್ಟೆಯ ಮುಂದೆ ಕುಳಿತು, ಬಲಗೈಯನ್ನು ಹಣೆಗೆ, ಎದೆಗೆ, ಆ ಹೆಗಲಿಗೆ, ಈ ಹೆಗಲಿಗೆ ಮುಟ್ಟಿಸಿ, ಅನ್ನಕ್ಕೆ ಕೈ ಹಾಕಿದಳು.

ಭಾವ ಎತ್ತಿದ್ದ ತುತ್ತನ್ನು ತಟ್ಟೆಗೇ ಹಾಕಿದರು.

"ಇದನ್ನು ಕಲಿಸ್ಲಿಕ್ಕೆ ಕಳಿಸಿದ್ದಾ? ಬ್ನೇದ್ ಅಲ್ ಗಾರ್‌ನಲ್ಲಿ ಇವಳಿಗೆ ಜಾಗ ಇರ್ಲಿಲ್ವಾ?"

ನನ್ನ ಗಂಡ ತಲೆ ಎತ್ತಲಿಲ್ಲ. "ನಾಳೆಯೇ ಆ ನರ್ಸರಿ ಖಲಾಸ್ ಮಾಡ್ತೇನೆ," ಎಂದರು. ಸುಳ್ಳೇಕೆ ಹೇಳಲಿ, ನನಗೂ ಸಿಟ್ಟು ಬಂದಿತ್ತು. ನಂಬಿ ಕೊಟ್ಟ ಮಗುವಿಗೆ ಹೀಗಾ?

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕೆಳಗಿಳಿದೆ. ಹೇಳಬೇಕಾದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಟೀಚರ್ ನಗಲಿಲ್ಲ, ಮಕ್ಕಳಲ್ವಾ ಬಿಡಿ ಎಂದೂ ಅನ್ನಲಿಲ್ಲ. ಕೆಂಪು ಕುರ್ಚಿಯಲ್ಲಿ ಕುಳಿತು ಆ ಪುಸ್ತಕ ತೆರೆದು, ಆಮ್ನಾಳ ಹೆಸರಿನ ಮೇಲೆ ಬೆರಳಿಟ್ಟರು.

"ತಪ್ಪು ನನ್ದು ಮುಮ್ತಾಜ್. ಬಾಯಿ ಬಿಡೂದಿಲ್ಲ ಅಲ್ವಾ, ಸುಮ್ನೆ ಯಾಕೆ ಮಗುವಿಗೆ ಹಿಂಸೆ ಅಂತ ಅವಳ ಸರದಿ ಬಿಟ್ಟುಬಿಡ್ತಿದ್ದೆ. ಹನ್ನೊಂದು ಮಕ್ಕಳದ್ದು ಆದ ಕೂಡ್ಲೆ ಡಬ್ಬಿ ತೆರೆಸ್ತಿದ್ದೆ. ಅವಳಿಗೂ ಎಂತಾದ್ರೂ ಹೇಳಿಯೇ ಉಣ್ಬೇಕು ಅಂತ ಆಸೆ ಇತ್ತು. ಮಾತಿಲ್ಲದ ಮಗುವಿಗೆ ಕೈ ಒಂದೇ ಇರೂದು. ಪಕ್ಕದಲ್ಲಿ ಶರಲ್ ಕೈಯಲ್ಲಿ ಮಾಡೂದು ಕಂಡ್ತು, ಇವಳೂ ಮಾಡಿದ್ಲು."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಸಿದ ಮಗು ಉಣ್ಣುವ ಮೊದಲು ದೇವರನ್ನು ನೆನೆಯಲು ಕೈಗೆ ಸಿಕ್ಕಿದ್ದನ್ನು ಹಿಡಿದಿತ್ತು, ಅಷ್ಟೇ.

"ನಿಮ್ಮಲ್ಲಿ ಕೈಯಿಂದ ಮಾಡೂದು ಎಂತ ಉಂಟು?" ಎಂದು ಕೇಳಿದರು. ನಾನು ದುವಾ ಬೇಡುವಾಗ ಎತ್ತುವಂತೆ ಎರಡೂ ಅಂಗೈ ತೆರೆದು ತೋರಿಸಿದೆ. "ಆಯ್ತು. ಅವಳು ಕೈ ಎತ್ಲಿ, ಬಿಸ್ಮಿಲ್ಲಾ ನಾನು ಹೇಳ್ತೇನೆ. ನಿಮ್ಮ ಭಾವನನ್ನೂ ನಾಳೆ ಕಳಿಸಿ."

ಶನಿವಾರ ಭಾವ ಬಂದದ್ದು ಮಗುವನ್ನು ಕರೆದೊಯ್ಯಲಿಕ್ಕೇ. "ಬ್ಯಾರಿಗಳೇ, ಹತ್ತು ಗಂಟೆಯ ತನಕ ಕೂತ್ಕೊಳ್ಳಿ, ಆಮೇಲೆ ನಿಮ್ಮಿಷ್ಟ," ಎಂದು ಟೀಚರ್ ಪುಟ್ಟ ಕುರ್ಚಿ ತೋರಿಸಿದರು. ಭಾವನದೂ ಸಣ್ಣ ದೇಹವಲ್ಲ. ಆದರೂ ಆ ಹೆಂಗಸಿಗೆ ಇಲ್ಲ ಎನ್ನಲು ಅವರಿಗೂ ಆಗಲಿಲ್ಲ. ಹನ್ನೊಂದು ಸರದಿ ಮುಗಿಯಿತು. ಹನ್ನೆರಡನೆಯದು ಬಂದಾಗ ಆಮ್ನಾ ಮೆಲ್ಲಗೆ ಅಂಗೈ ತೆರೆದಳು. ಕೊರಳಲ್ಲಿ ಶಿಲುಬೆಯ ಸರ ಹಾಕಿದ್ದ ಟೀಚರ್ ಅವಳ ಪರವಾಗಿ "ಬಿಸ್ಮಿಲ್ಲಾ" ಎಂದರು.

ಭಾವ, "ಅದರದ್ದು ಪೂರ್ತಿ ವಾಕ್ಯ ಉಂಟು ಟೀಚರ್, ಬರ್ಕೊಳ್ಳಿ," ಎಂದರು. ಅವರು ಬಿಡಿಬಿಡಿಯಾಗಿ ಹೇಳಿದರು, ಟೀಚರ್ ಬರೆದುಕೊಂಡರು. ಏಳುವಾಗ ಕುರ್ಚಿ ಭಾವನ ಸೊಂಟಕ್ಕೆ ಕಚ್ಚಿಕೊಂಡು ಜೊತೆಗೇ ಎದ್ದಿತು. ಮಕ್ಕಳೆಲ್ಲ ನಕ್ಕವು. ಭಾವ ಮಗುವನ್ನು ಬಿಟ್ಟೇ ಹೋದರು. ಸೂರಾಗಳನ್ನು ಸಂಜೆ ನಾನೇ ಕಲಿಸುವುದು ಎಂದು ಮಾತಾಯಿತು.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಟೀಚರ್ ಏದುಸಿರು ಬಿಡುತ್ತಾ ನಿಂತಿದ್ದಾರೆ. ಲಿಫ್ಟ್ ಕೆಟ್ಟಿತ್ತು, ಮಕ್ಕಳನ್ನು ಪಕ್ಕದ ಮನೆಯವರ ಕೈಗೊಪ್ಪಿಸಿ ಊದಿದ ಕಾಲಿನಲ್ಲಿ ಎರಡು ಮಾಳಿಗೆ ಹತ್ತಿ ಬಂದಿದ್ದರು. "ಹೇಳಿದ್ಲು," ಎಂದು ಪಿಸುಗುಟ್ಟಿದರು. ಶೀತದಿಂದ ಅವರ ಸ್ವರ ಹೋಗಿತ್ತಂತೆ. ಆಮ್ನಾ ಕೈ ಎತ್ತಿ ಕಾದಳಂತೆ. ಟೀಚರ್ ಹೇಳುವುದಿಲ್ಲ ಎಂದು ಗೊತ್ತಾದ ಮೇಲೆ ತಾನೇ ಹೇಳಿದಳಂತೆ, ಪೂರ್ತಿಯಾಗಿ. "ಹೇಳಿ ನನ್ನನ್ನೇ ಗದರಿಸೂ ಹಾಗೆ ನೋಡಿದ್ಲು ಮಾರಾಯ್ತಿ!" ನಾವಿಬ್ಬರೂ ಬಾಗಿಲಲ್ಲೇ ಅತ್ತೆವು. ಅದೇ ಮಧ್ಯಾಹ್ನ ಅವರು ಕೆಳಗೆ ತರಕಾರಿ ಭಾಯಿಯ ಜೊತೆ ಬೆಂಡೆಕಾಯಿಗಾಗಿ ಜಗಳವಾಡುವ ಸ್ವರ ನಾಲ್ಕನೇ ಮಾಳಿಗೆಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಅವರೆದುರು ಒಮ್ಮೆಯೂ ಆ ವಿಷಯ ಎತ್ತಲಿಲ್ಲ.

ಗಂಡನ ಕೆಲಸ ಮುಗಿದು ಇಕಾಮಾ, ಎಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದಾದಾಗ ಅವರು ಊರಿಗೆ ಹೊರಟರು. ಆಮ್ನಾ ಆಗ ಏಳನೇ ಕ್ಲಾಸು. ಕೊನೆಯ ದಿನ ಹಾಲ್ ಖಾಲಿಯಾಗಿತ್ತು. ಒಂದು ಕೆಂಪು ಕುರ್ಚಿಯನ್ನು ನನ್ನ ಕೈಗೆ ಕೊಟ್ಟರು. "ಮೀನು ಮಾಡ್ಲಿಕ್ಕೆ ಕೂತ್ಕೊ. ನೆಲದಲ್ಲಿ ಕೂತು ಸೊಂಟ ಹಾಳು ಮಾಡ್ಬೇಡ," ಎಂದರು. ಮತ್ತೆ ನೋಡಲಿಲ್ಲ. ಊರಿಗೆ ಹೋದಾಗಲೆಲ್ಲ ಮುಂದಿನ ಸಲ ಹೋಗಿ ಬರೋಣ ಎಂದುಕೊಂಡು ವಾಪಸ್ಸಾದೆ.

ಫೋನ್ ಇಡುವ ಮೊದಲು ಆಮ್ನಾ, "ಅವ್ರಿಗೆ ದುವಾ ಮಾಡು ಉಮ್ಮಾ," ಎಂದಳು. ಬೇರೆ ಮತದ ಅವರಿಗೆ ನನ್ನ ದುವಾ ಸಲ್ಲುತ್ತದೋ ಇಲ್ಲವೋ ತಿಳಿದವರು ಹೇಳಲಿ. ನಾನು ಕೈ ತೊಳೆದು, ಅಂಗೈ ತೆರೆದು, ಅಂಥವರನ್ನು ನಮ್ಮ ಕೆಳಗಿನ ಮನೆಯಲ್ಲೇ ಇಟ್ಟಿದ್ದೆಯಲ್ಲ ಎಂದು ಅಲ್ಲಾಹನಿಗೆ ಶುಕ್ರ್ ಹೇಳಿದೆ. ಬೆರಳಿನ ವಾಸನೆ ಪೂರ್ತಿ ಹೋಗಿರಲಿಲ್ಲ.

ಇನ್ನೂ ಅರ್ಧ ಕಿಲೋ ಬೂತಾಯಿ ಬಾಕಿ ಇತ್ತು. ಕೆಂಪು ಕುರ್ಚಿಯನ್ನು ಸಿಂಕಿನ ಹತ್ತಿರ ಎಳೆದುಕೊಂಡು ಕುಳಿತೆ.