ಎಡಕ್ಕೆ ಕರೆದ ಮುತ್ಯಾ

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ಕಂಬಳಿ ಮಾರುವವರು ಬಂದಿದ್ದರು. ಕರಿ ಕಂಬಳಿಯೊಂದನ್ನು ಕಟ್ಟೆಯ ಮೇಲೆ ಹಾಸಿದ್ದೇ ತಡ, ಉಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಕುರಿ ಮುತ್ಯಾ ಬಂದು ನಿಂತಂತಾಯಿತು… ಆಸ್ಪತ್ರೆಯ ಫಿನೈಲ್ ವಾಸನೆಯನ್ನೂ ಮೀರಿ ಅವರ ಹೊದಿಕೆಯಿಂದ ಬರುತ್ತಿದ್ದದ್ದು ಇದೇ ವಾಸನೆ.

ನಾನು ಮೂರನೇ ಇಯತ್ತೆ ಕಲಿತವಳು. ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ಮುದುಕಿಯಾದೆ. ಬರೆದು ರೂಢಿಯಿಲ್ಲ. ಆದರೆ ಸಂತೋಷ ಎದೆಯಲ್ಲಿ ಹಿಡಿಸದಾದರೆ ಎಲ್ಲಾದರೂ ಸುರಿಯಲೇಬೇಕಲ್ಲ!

ಹಿಂದಿನ ವರ್ಷ ಹದಿನಾರರ ನನ್ನ ಮೊಮ್ಮಗಳಿಗೆ ಮಿದುಳಿನಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಮಾಡಿ ತೆಗೆದರು, ಜೀವ ಉಳಿಯಿತು. ಆದರೆ ಎಡಗಡೆಯ ಲೋಕವನ್ನೇ ಆಕೆ ಮರೆತುಬಿಟ್ಟಳು. ಕಣ್ಣು ಚೆನ್ನಾಗಿದ್ದವು, ಆದರೂ ಎಡಕ್ಕೆ ಏನಿದೆಯೋ ಅದು ಆಕೆಯ ಪಾಲಿಗೆ ಇಲ್ಲ. ಬಾಗಿಲಿಗೆ ಎಡ ಭುಜ ಬಡಿದುಕೊಳ್ಳುವಳು. ತಾಟಿನ ಬಲ ಅರ್ಧ ಉಂಡು, "ಇಷ್ಟ ಏನಬೇ ಆಯಿ? ಹೊಟ್ಟಿ ತುಂಬಲಿಲ್ಲ" ಎನ್ನುವಳು. ಎಡ ಅರ್ಧದಲ್ಲಿ ರೊಟ್ಟಿ ಹಾಗೆಯೇ ಇರುತ್ತಿತ್ತು. ನಾನು ಸುಮ್ಮನೆ ತಾಟು ತಿರುಗಿಸಿ ಇಡುತ್ತಿದ್ದೆ.

ಆಮೇಲೆ ನಮ್ಮನ್ನು ಬೇರೆ ವಾರ್ಡಿಗೆ ಕಳಿಸಿದರು. ಅಲ್ಲಿ ಗುಳಿಗೆಗಿಂತ ಕಸರತ್ತು ಹೆಚ್ಚು. ನಡೆಯುವುದು, ಗುಂಡಿ ಹಾಕಿಕೊಳ್ಳುವುದು, ಲೋಟ ಎತ್ತುವುದು, ಎಲ್ಲವನ್ನೂ ಮೊದಲಿನಿಂದ ಕಲಿಸುತ್ತಿದ್ದರು. ಕಸರತ್ತು ಮಾಡಿಸುವ ಅಕ್ಕೋರು ಒಂದು ದಿನ ಊಟದ ಹೊತ್ತಿಗೆ ನನ್ನ ಕೈ ಹಿಡಿದರು.

"ಅಮ್ಮಾರ, ತಾಟು ನೀವು ತಿರುಗಸ್ತೀರಿ. ಮನ್ಯಾಗಿನ ಮಗ್ಗ ಯಾರು ತಿರುಗಸ್ತಾರ್ರಿ?"

ನಾನು ದಂಗಾದೆ. ನಮ್ಮ ಮನೆಯೆಂದರೆ ಎರಡು ಸಾಲು ಪವರ್‌ಲೂಮ್, ನಡುವೆ ಒಬ್ಬರು ಹೋಗುವಷ್ಟು ದಾರಿ. ಅಡುಗೆಮನೆಗೂ ಅದೇ ದಾರಿ. ಎಡಗಡೆ ಓಡುವ ಮಗ್ಗ ಗಮನಕ್ಕೇ ಬರದವಳು ಅಲ್ಲಿ ಹೇಗೆ ಇರಬೇಕು? ಎಡಕ್ಕೆ ನೋಡುವುದನ್ನು ಕಲಿಯದಿದ್ದರೆ ಅವಳನ್ನು ಹುನ್ನೂರಿನ ನನ್ನ ಮಗಳ ಮನೆಯಲ್ಲಿ ಬಿಡುವುದೆಂದು ಮಗ ಆಗಲೇ ಹೇಳಿದ್ದ.

ವಾರ್ಡಿನಲ್ಲಿ ನಮ್ಮ ಎದುರಿನ ಕೋಣೆಯಲ್ಲಿದ್ದವರೇ ಕುರಿ ಮುತ್ಯಾ. ಬೀಳಗಿ ಕಡೆಯವರು, ಕುರಿ ಕಾಯ್ದೇ ಬೆಳೆದ ಅಜ್ಜ. ಅವರಿಗೂ ಮಿದುಳಿನ ಗಡ್ಡೆಯೇ, ಅದು ಮಾತನ್ನು ಒಯ್ದಿತ್ತು. ಉಳಿದದ್ದು ಒಂದೇ ಶಬ್ದ, "ಆತು". ಹೆಸರೇನು ಅಂದರೂ ಆತು, ಚಹಾ ಬೇಕೇ ಅಂದರೂ ಆತು. ನಾಚಿ ಕಸರತ್ತಿಗೂ ಏಳದೆ, ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರ ಹೆಂಡತಿ, "ಮದಿವ್ಯಾದಾಗಿಂದ ನನಗ ಬಾಯಿ ಬಿಚ್ಚಾಕ ಬಿಡಲಿಲ್ಲ ಈ ಮನಶ್ಯಾ. ಈಗ ನನ್ನ ಪಾಳಿ ನೋಡ್ರಿ" ಎಂದು ನಮ್ಮನ್ನು ನಗಿಸುತ್ತಿದ್ದರು. ನಗಿಸಿ ತಾವು ಕಣ್ಣೊರೆಸಿಕೊಳ್ಳುತ್ತಿದ್ದರು.

ಮರುದಿನ ಅಕ್ಕೋರು ಎರಡು ಸಾಲು ಕುರ್ಚಿ ಇಟ್ಟು, "ಇದ ನಿಮ್ಮ ಮನಿ, ನಡಿ" ಎಂದರು. ಹುಡುಗಿ ಹೊರಟಳು. ಎಡಗಡೆಯ ಕುರ್ಚಿಗಳು ಒಂದೊಂದಾಗಿ ಉರುಳಿದವು. "ಎಡಕ್ಕ ನೋಡವಾ!" ಎಂದು ನಾನು ಕೂಗಿದೆ. ಎಡ ಎಂದರೆ ಎಲ್ಲಿ ಎಂದೇ ಆಕೆಗೆ ತಿಳಿಯದು. ನೆಲಕ್ಕೆ ಕುಳಿತು ಅತ್ತಳು.

ಆಗ ಎಡಗಡೆಯ ಬೆಂಚಿನಿಂದ ದನಿಯೊಂದು ಎದ್ದಿತು. "ಟ್ರ್ರ್ರ್ರ… ಹೋಯ್!" ನಾಲಗೆಯನ್ನು ಅಂಗುಳಕ್ಕೆ ಹಚ್ಚಿ, ತಪ್ಪಿಸಿಕೊಂಡ ಕುರಿಯನ್ನು ಕರೆಯುವ ದನಿ. ಮಾತನ್ನೆಲ್ಲ ಒಯ್ದ ಗಡ್ಡೆ ಅದೊಂದನ್ನು ಮುತ್ಯಾನಿಗೆ ಬಿಟ್ಟಿತ್ತು. ಮೊಮ್ಮಗಳ ಕತ್ತು ತಿರುಗಿತು… ಎಡಕ್ಕೆ! ಆಪರೇಷನ್ ಆದ ಮೇಲೆ ಅದೇ ಮೊದಲು.

"ನಾನೇನ ಕುರಿ ಏನ್ ಮುತ್ಯಾ?" ಎಂದು ಅಳುತ್ತಲೇ ನಕ್ಕಳು.

"ಆತು! ಆತು!" ಮುತ್ಯಾ ಉಬ್ಬಿಹೋದರು.

ಮರುದಿನದಿಂದ ತಾವಾಗಿಯೇ ಕೋಲು ಊರಿಕೊಂಡು ಬಂದು ಅವಳ ಎಡಕ್ಕೆ ನಿಲ್ಲುತ್ತಿದ್ದರು. ಅವಳು ಒಂದು ಹೆಜ್ಜೆ ಇಟ್ಟರೆ ಅವರೂ ಒಂದು. ಹೀಗೆ ಅವರ ಕಸರತ್ತೂ ನಡೆಯಿತು. ಬರಬರುತ್ತ ಅಕ್ಕೋರು ಮುತ್ಯಾನ ಆ ದನಿಯನ್ನು ಸಣ್ಣದು ಮಾಡಿಸಿದರು. ಕಡೆಗೆ ಬರಿ ಒಂದು ಕೆಮ್ಮು… ಆಮೇಲೆ ಅದೂ ಬೇಕಾಗಲಿಲ್ಲ. ಹುಡುಗಿ ತಾನಾಗಿ ಎಡಕ್ಕೆ ತಿರುಗಿದಳು.

ಅವರು ನಮಗಿಂತ ಮೊದಲು ಊರಿಗೆ ಹೋದರು. ಅವರ ಗಡ್ಡೆಯನ್ನು ಪೂರ್ತಿ ತೆಗೆಯಲು ಆಗಿರಲಿಲ್ಲವಂತೆ. "ಹುಡುಗಿ ಮನಿಗೆ ಹೋದ ಮ್ಯಾಲೆ ಫೋನ್ ಮಾಡ್ರಿ, ಇವ್ರು ಕೇಳ್ತಾರ" ಎಂದು ಹೆಂಡತಿ ನಂಬರ್ ಬರೆಸಿಕೊಟ್ಟಿದ್ದರು.

ನಾವು ಮನೆಗೆ ಬಂದ ದಿನ ಮಗ ಹೆದರಿ ಎಲ್ಲ ಮಗ್ಗ ನಿಲ್ಲಿಸಿದ್ದ. "ಅಪ್ಪಾ, ಚಾಲೂ ಮಾಡು. ನಿಂತ ಮಗ್ಗ ಯಾರರೆ ದಾಟ್ತಾರ" ಎಂದಳು ಹುಡುಗಿ! ಖಡಖಡ ಸದ್ದಿನ ನಡುವೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ, ವೇಲಿನ ತುದಿಯನ್ನೂ ತಾಕಿಸದೆ ಅಡುಗೆಮನೆ ಮುಟ್ಟಿದಳು. ನಾನು ಓಣಿಗೆಲ್ಲ ಪೇಢೆ ಹಂಚಿದೆ. ಹಂಚಿದ ಮನೆಗೇ ಮತ್ತೆ ಹೋಗಿ ಕಥೆ ಹೇಳಿದೆ. ಮುತ್ಯಾನಿಗೆ ಫೋನ್ ಮಾಡುವುದು ಮಾತ್ರ ನಾಳೆ, ನಾಡಿದ್ದು ಎನ್ನುತ್ತ…

ಇವತ್ತು ನಂಬರ್ ಹುಡುಕಿ ಹಚ್ಚಿದೆ. ಎತ್ತಿದ್ದು ಅವರ ಹೆಂಡತಿ. ಮುತ್ಯಾ ತೀರಿಹೋಗಿ ಮೂರು ತಿಂಗಳಾಯಿತಂತೆ.

"ಫೋನ್ ಬಂದಾಗೊಮ್ಮೆ ಎಡಗೈ ಎತ್ತಿ ಕೇಳ್ತಿದ್ರು, ನಿಮ್ಮ ಹುಡುಗೀದು. ನನಗೇನ ಗೊತ್ತು? ಈಗರ ಹೇಳ್ರಿ… ನೋಡ್ತಾಳ ಎಡಕ್ಕ?"

"ನೋಡ್ತಾಳ್ರೀ ಯಕ್ಕಾ. ಓಡೋ ಮಗ್ಗದ ನಡುವ ಹಾದು ನನಗ ಚಹಾ ತಂದು ಕೊಡ್ತಾಳ."

"ಹಂಗಾರ ಎಲ್ಲಾ ಕುರಿ ಹಟ್ಟಿಗೆ ಬಂದ್ವು ಬಿಡ್ರಿ" ಎಂದರು.

ಸುಳ್ಳು ಯಾಕೆ ಹೇಳಲಿ, ಫೋನ್ ಇಟ್ಟ ಮೇಲೂ ನನ್ನ ಸಂತೋಷ ಕಡಿಮೆಯಾಗಲಿಲ್ಲ. ಓಣಿಗೆಲ್ಲ ಸಾರಿದ ನನ್ನ ಬಾಯಿ ಮುತ್ಯಾ ಒಬ್ಬರಿಗೆ ಹೇಳದೆ ಉಳಿಯಿತಲ್ಲ, ಆ ಸಂಕಟವೂ ಕಡಿಮೆಯಾಗುವುದಿಲ್ಲ…