ಚೌಳು ಮಣ್ಣು ಹೊದಿಸಬೇಡಿ ಅಂದರು

ಆ ದಿನ ನಮ್ಮ ಜಗಲಿಯ ಮೇಲೆ ಇದ್ದದ್ದು ಇಷ್ಟು ಜನ. ದೊಡ್ಡಮ್ಮ ಕಂಬಕ್ಕೆ ಒರಗಿ, ಮೊರದಲ್ಲಿ ಹುಣಸೆಹಣ್ಣು ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಹೊಸ್ತಿಲ ಹತ್ತಿರ ನನ್ನ ತಮ್ಮ. ಮೆಟ್ಟಿಲ ಮೇಲೆ ಹಿಂದಿನ ಬೀದಿಯ ಬಡಗಿ ಚಾಚಾ. ಪುರಾತತ್ವ ಇಲಾಖೆಯಿಂದ ಬಂದಿದ್ದ ಸಾಹೇಬರಿಗೆ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದೆವು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಎದುರಿಗೆ ತಮ್ಮನ ಟ್ರ್ಯಾಕ್ಟರು, ಅದರ ಟ್ರೈಲರಿನ ತುಂಬ ಕೆರೆ ಹಿಂದಿನಿಂದ ಅಗೆದು ತಂದ ಚೌಳು ಮಣ್ಣು. ಸಾಹೇಬರು ಆ ಮಣ್ಣನ್ನೇ ನೋಡುತ್ತಿದ್ದರು.

ನಮ್ಮದು ಸುಗಟೂರಿನ ಕಡೆ ಹಳ್ಳಿ, ಮಣ್ಣಿನ ಚಾವಣಿಯ ಮಾಳಿಗೆ ಮನೆ. ಪಾಳೇಗಾರರ ಕಾಲದ್ದು ಅಂತ ಹಿರಿಯರು ಹೇಳುತ್ತಿದ್ದರು. ನಡುವೆ ತೊಟ್ಟಿ, ಸುತ್ತಲೂ ಮರದ ಕಂಬಗಳು. ಗೆದ್ದಲು ಹತ್ತದಿರಲಿ ಅಂತ ಒಂದೊಂದು ಕಂಬವೂ ಕಲ್ಲಿನ ಮೇಲೆ ನಿಂತಿದೆ. ಕಂಬದ ತಲೆಯ ಮೇಲೆ ಗಿಣಿ ಕೆತ್ತಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಅದರ ಮೇಲೆ ಸೀಳು ಹಲಗೆ, ಹೊಂಗೆ ಸೊಪ್ಪು, ಎಲ್ಲದರ ಮೇಲೆ ಮಣ್ಣು. ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗುವುದಿಲ್ಲ. ಮರಕ್ಕೆ ಮರವೇ ಕಚ್ಚಿಕೊಂಡಿದೆ. ಗೋಡೆ ಬಿದ್ದರೆ ಮನೆಯೂ ಬೀಳುತ್ತಾ ಅಂತ ಚಿಕ್ಕವಳಿದ್ದಾಗ ದೊಡ್ಡಮ್ಮನನ್ನು ಕೇಳಿದ್ದೆ. ಅಪ್ಪನ ಅಣ್ಣನ ಹೆಂಡತಿ ಅವಳು, ನನ್ನನ್ನೂ ತಮ್ಮನನ್ನೂ ಸಾಕಿದವಳು. "ಗೋಡೆ ಅನ್ನೋದು ಮನೆಗೆ ಸೀರೆ ಇದ್ದಂಗೆ ಕಣೇ. ಸೀರೆ ಬಿಚ್ಚಿದ್ರೆ ಮೂಳೆ ಉದುರ್ತದೇನೇ?" ಅಂದಿದ್ದಳು.

ಚೌಳು ಮಣ್ಣಿನಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ. ಆದರೆ ಪ್ರತಿ ಮಳೆಗಾಲವೂ ಮೇಲಿನ ಒಂದು ಪದರವನ್ನು ತೊಳೆದುಕೊಂಡು ಹೋಗುತ್ತದೆ. ಅದಕ್ಕೇ ಯುಗಾದಿ ಕಳೆದು ಮುಂಗಾರು ಬರುವುದರೊಳಗೆ ಹೊಸ ಮಣ್ಣು ಹೊದಿಸಬೇಕು. ಅದು ಒಬ್ಬರ ಮನೆಯ ಕೆಲಸ ಅಲ್ಲ, ಬೀದಿಯ ಕೆಲಸ. ಗಂಡಸರು ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದರು. ಹೆಂಗಸರು ಸಾಲಾಗಿ ನಿಂತು ಒದ್ದೆ ಮಣ್ಣು ತುಳಿಯುತ್ತಿದ್ದರು. ಮಾಳಿಗೆಯ ಮೇಲೆ ಕುಣಿದರೆ ಮಕ್ಕಳಿಗೆ ಬೈಗುಳ ಬೀಳದ ದಿನ ಅದೊಂದೇ. ಚಾಚಾನ ಅಮ್ಮ ದಪ್ಪಗಿದ್ದರು. ಹಿಂದಿನ ವರ್ಷ ಎಲ್ಲಿ ಸೋರಿತ್ತೋ ಅಲ್ಲಿಗೆ "ಆಯಮ್ಮನ್ನ ಕರೀರಿ" ಅಂತ ಕೂಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಆಯಮ್ಮನೇ. ಕೆಳಗಿಳಿದ ಮೇಲೆ ಎಲ್ಲರಿಗೂ ನಮ್ಮ ತೊಟ್ಟಿಯಲ್ಲಿ ಮುದ್ದೆ, ಉಪ್ಪುಸಾರು.

ಜಗಲಿಯ ಮೇಲೆ ಕೂತ ಆ ದಿನಕ್ಕೆ ಒಂದು ವರ್ಷ ಮೊದಲೂ ಸಾಹೇಬರು ಬಂದಿದ್ದರು. ಕಂಬ ಸವರಿ, ಗಿಣಿಯ ಫೋಟೋ ತೆಗೆದು, ಇಂಥ ಮನೆ ಇಡೀ ಜಿಲ್ಲೆಯಲ್ಲಿ ಉಳಿದಿಲ್ಲ ಅಂತ ಹೊಗಳಿ, ದೊಡ್ಡಮ್ಮ ಕೊಟ್ಟ ಪುರಿಯುಂಡೆ ತಿಂದು ಹೋಗಿದ್ದರು. ಆಮೇಲೆ ಸಂರಕ್ಷಿತ ಮನೆ ಅಂತ ನೀಲಿ ಬೋರ್ಡು ಬಂತು. ಮನೆಗೊಬ್ಬ ಕಾವಲುಗಾರ ಬಂದ ಅನ್ನುವ ಹಾಗೆ ದೊಡ್ಡಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದಳು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

"ಇದು ಈಗ ಸಂರಕ್ಷಿತ ಮನೆ ಅಮ್ಮ," ಅಂದರು ಸಾಹೇಬರು. "ಮೂಲ ಸ್ಥಿತಿಯಲ್ಲೇ ಇರ್ಬೇಕು. ಒಂದು ಬುಟ್ಟಿ ಮಣ್ಣೂ ಹೊಸದಾಗಿ ಸೇರಿಸೋ ಹಾಗಿಲ್ಲ."

"ಸೇರಿಸೋದೆಲ್ಲಿ ಬಂತು ಸಾಮಿ? ಹೋದ ವರ್ಷದ್ದು ಮಳೆಗೆ ಹೋಯ್ತಲ್ಲ, ಅದರ ಜಾಗಕ್ಕೆ ಇದು."

"ಅದೇ ಅಮ್ಮ, ಹೊಸದು ಹಾಕೋ ಹಾಗಿಲ್ಲ."

ದೊಡ್ಡಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀವು ಹೋದ ವರ್ಷ ತಲೆಗೆ ಹಾಕ್ಕೊಂಡ ಎಣ್ಣೇಲೇ ಈ ವರ್ಷಾನೂ ಇದ್ದೀರಾ ನಾಯನಾ?"

ಚಾಚಾ ನಗು ತಡೆಯಲಾರದೆ ಕೆಮ್ಮಿದರು. ಸಾಹೇಬರೂ ನಕ್ಕರು. ಒಳ್ಳೆಯ ಮನುಷ್ಯರ ಹಾಗೆಯೇ ನಕ್ಕರು. "ಯೋಚನೆ ಮಾಡ್ಬೇಡಿ. ಸೋರದಂಗೆ ಇಲಾಖೆಯಿಂದಲೇ ಮಾಡಿಸ್ಕೊಡ್ತೀವಿ. ನೀವು ಮಾತ್ರ ಕೈ ಹಾಕ್ಬೇಡಿ."

ಅವರು ಹೋದ ಮೇಲೆ ಚಾಚಾ, "ಒಂದು ವರ್ಷ ನೋಡೋಣ ಭಾಭಿ, ಸರ್ಕಾರದ ಮಾತು," ಅಂದರು. ಹೊಗಳಿದವರ ಮಾತು ಮೀರುವುದು ನಮ್ಮ ಕಡೆಯವರಿಗೆ ಕಷ್ಟ. ತಮ್ಮ ಮಣ್ಣನ್ನು ಹಿತ್ತಲಿಗೆ ಸುರಿದ.

ಮುಂಗಾರಿಗೆ ಮೊದಲು ಇಲಾಖೆಯ ಕಂಟ್ರಾಕ್ಟರು ಬಂದ. ಹಳೆಯ ಮಣ್ಣಿನ ಮೇಲೆ ಸಿಮೆಂಟು ಬಳಿದ. ತೊಲೆಯ ತುದಿಗೆ ಗಾಳಿಯಾಡಲಿ ಅಂತ ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಗಳಿಗೂ ಸಿಮೆಂಟು ಮೆತ್ತಿದ. "ಇನ್ನು ಬಂಡೆ ಇದ್ದಂಗೆ ಬಿಡಿ," ಅಂದು ಕೈ ತೊಳೆದುಕೊಂಡು ಹೋದ. ಒಂದು ಬುಟ್ಟಿ ಚೌಳು ಮಣ್ಣು ಮೂಲ ಸ್ಥಿತಿಯನ್ನು ಕೆಡಿಸುತ್ತದಂತೆ, ಮೂಟೆಗಟ್ಟಲೆ ಸಿಮೆಂಟು ಕೆಡಿಸುವುದಿಲ್ಲವಂತೆ.

ಮಣ್ಣು ಬಿಸಿಲಿಗೆ ಕುಗ್ಗುತ್ತದೆ, ಥಂಡಿಗೆ ಉಬ್ಬುತ್ತದೆ. ಸಿಮೆಂಟಿಗೆ ಆ ಗುಣ ಇಲ್ಲ. ಮೊದಲ ಮಳೆಗೇ ಅದು ಬಿರುಕು ಬಿಟ್ಟಿತು. ಬಿರುಕಿನಲ್ಲಿ ಇಳಿದ ನೀರಿಗೆ ಆವಿಯಾಗಿ ಹೋಗಲು ದಾರಿ ಇರಲಿಲ್ಲ. ದೊಡ್ಡಮ್ಮ ಮಲಗುವ ಕಡೆ, ಮೂಡಲ ಪಡಸಾಲೆಯಲ್ಲಿ, ಹಸಿ ಅಣಬೆಯ ವಾಸನೆ ಶುರುವಾಯಿತು. ದೀಪಾವಳಿ ಹೊತ್ತಿಗೆ ತಮ್ಮ ಸ್ಟೂಲು ಹತ್ತಿ ತೊಲೆಯ ತುದಿಗೆ ಪೊರಕೆ ಕಡ್ಡಿ ಚುಚ್ಚಿದ. ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಅದು ಒಳಕ್ಕೆ ಹೋಯಿತು. ದೊಡ್ಡಮ್ಮ ಕೆಳಗೆ ನಿಂತು ನೋಡುತ್ತಿದ್ದಳು. ಸಾವಿನ ಮನೆಯಲ್ಲೂ ಏನಾದರೊಂದು ಹೇಳಿ ನಗಿಸುವ ಹೆಂಗಸು, ಅವತ್ತು ಕೆಳಗೆ ಉದುರಿದ ಮರದ ಪುಡಿಯನ್ನು ಸೆರಗಿಗೆ ಬಾಚಿಕೊಂಡಳು.

ತಮ್ಮ ಸಾಹೇಬರಿಗೆ ಫೋನು ಮಾಡಿದ. ಸದ್ಯಕ್ಕೆ ಗಳ ಕೊಟ್ಟು ನಿಲ್ಲಿಸಿ, ತೊಲೆ ಬದಲಾಯಿಸಬೇಕಾದರೆ ಮೇಲಿನಿಂದ ಅನುಮತಿ ಬರಬೇಕು ಅಂದರು.

"ಮೇಲಿಂದ ಮೊದಲು ಬರೋದು ತೊಲೇನೇ ಸಾರ್," ಅಂದ ತಮ್ಮ.

ಟೊಮೇಟೊ ಗಿಡಕ್ಕೆ ನೆಡಲು ತಂದಿದ್ದ ನೀಲಗಿರಿ ಗಳಗಳಲ್ಲಿ ದಪ್ಪನೆಯವನ್ನು ಆರಿಸಿ ಒತ್ತು ಕೊಟ್ಟೆವು. ದೊಡ್ಡಮ್ಮನ ಹಾಸಿಗೆಯನ್ನು ಪಡುವಲ ಕಡೆಗೆ ಹಾಕಿದೆವು. ಕಾರ್ತಿಕದಲ್ಲಿ ಜಡಿಮಳೆ ಹಿಡಿಯಿತು. ಒಂದು ಬೆಳಿಗ್ಗೆ ದೊಡ್ಡಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಾಗ ಮೂಡಲ ಭಾಗ ಕೂತುಬಿಟ್ಟಿತು. ತೊಲೆ, ಜಂತೆ, ಮಣ್ಣು, ಸಿಮೆಂಟಿನ ಚಪ್ಪಡಿ ಎಲ್ಲ ಒಟ್ಟಿಗೆ. ಆ ಬದಿಯ ಗೋಡೆಯೂ ಕರಗಿ ಬಿತ್ತು. ಕಂಬಗಳು ಮಾತ್ರ ನಿಂತೇ ಇದ್ದವು. ಅವುಗಳ ತಲೆಯ ಮೇಲೆ ಗಿಣಿಗಳು, ಹೊರಲು ಏನೂ ಇಲ್ಲದೆ, ಮಳೆಯಲ್ಲಿ ನೆನೆಯುತ್ತಿದ್ದವು.

ಸಾಹೇಬರು ಬಂದರು, ಕೊಡೆ ಹಿಡಿದುಕೊಂಡೇ ಫೋಟೋ ತೆಗೆದರು. "ಹಳೇ ಮನೆ ಅಲ್ವಾ, ಆಯಸ್ಸು ಮುಗಿದಿತ್ತು ಅನ್ಸತ್ತೆ," ಅಂದರು.

ನಾನು ಅವರ ಕೊಡೆಯ ಎದುರಿಗೆ ಹೋಗಿ ನಿಂತೆ. "ಇದಕ್ಕೆ ನಾವು ಪ್ರತಿ ಯುಗಾದಿಗೂ ಆಯಸ್ಸು ಹಾಕ್ತಾ ಇದ್ವಿ ಸಾರ್," ಅಂದೆ. "ಹೋದ ಸಲ ಬೇಡ ಅಂದಿದ್ದು ನೀವು." ಅವರು ಫೋನನ್ನು ಜೇಬಿಗೆ ಹಾಕಿಕೊಂಡು, ಕೆಸರು ದಾಟಿ ಜೀಪಿನ ಕಡೆ ನಡೆದರು.

ಯಾವುದು ಮೂಲ? ಆ ಮಾಳಿಗೆಯ ಮೇಲೆ ಪಾಳೇಗಾರರ ಕಾಲದ ಮಣ್ಣು ಒಂದು ಹಿಡಿಯೂ ಇರಲಿಲ್ಲ. ಅದೆಲ್ಲ ಎಂದೋ ಮಳೆಯಲ್ಲಿ ಕರಗಿ ನಮ್ಮ ಕೆರೆಗೇ ವಾಪಸು ಹೋಗಿತ್ತು. ಅಷ್ಟು ಕಾಲದಿಂದ ತಪ್ಪದೆ ಇದ್ದದ್ದು ತುಳಿಯುವ ಕಾಲು, ಆಮೇಲಿನ ಉಪ್ಪುಸಾರು. ಸಾಹೇಬರು ಕಂಬದ ಅಳತೆ ಬರೆದುಕೊಂಡರು, ಗಿಣಿಯ ಕೊಕ್ಕಿನ ಅಳತೆಯನ್ನೂ ಬಿಡಲಿಲ್ಲ. ಈ ಮನೆ ಇಷ್ಟು ದಿನ ಹೇಗೆ ನಿಂತಿತು ಅಂತ ಅದರೊಳಗೇ ಬಾಳಿದವಳನ್ನು ಒಂದು ಮಾತು ಕೇಳಲಿಲ್ಲ. ಅವರು ಕೇಳದಿದ್ದರೂ ಅವಳೇ ಆ ಎಣ್ಣೆಯ ಮಾತಿನಲ್ಲಿ ಹೇಳಿದಳು. ಅದನ್ನು ಹಳ್ಳಿ ಮುದುಕಿಯ ತಮಾಷೆ ಅಂದುಕೊಂಡು ನಕ್ಕರು. ನನಗೆ ಆ ಸಿಮೆಂಟಿಗಿಂತ ಆ ನಗುವಿನ ಮೇಲೇ ಸಿಟ್ಟು ಜಾಸ್ತಿ.

ಮುಂದಿನ ಯುಗಾದಿ ಕಳೆದ ಮೇಲೆ ತಮ್ಮ ಮತ್ತೆ ಕೆರೆ ಹಿಂದಕ್ಕೆ ಟ್ರ್ಯಾಕ್ಟರು ಹೊಡೆದ. ಕದ್ದುಮುಚ್ಚಿ ಅಲ್ಲ, ಇಲಾಖೆಯ ಕಚೇರಿ ನಡೆಯುವ ದಿನವೇ, ಹಾಡಹಗಲೇ ಏಣಿ ಹಾಕಿದೆವು. ಚಾಚಾ ಉಳಿದರ್ಧ ಮಾಳಿಗೆಯ ಸಿಮೆಂಟನ್ನು ಸುತ್ತಿಗೆಯಲ್ಲಿ ಒಡೆದು ಕೆಳಗೆ ಎಸೆದರು, ಕಿಂಡಿಗಳನ್ನೂ ಬಿಡಿಸಿದರು. ಬೀದಿಯ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಮಣ್ಣು ತುಳಿದರು. ಅವರ ಜೊತೆ ನಾನೂ ತುಳಿದೆ. ಏಣಿ ಹತ್ತಲಾರದ ದೊಡ್ಡಮ್ಮ ಕೆಳಗೆ ಉಪ್ಪುಸಾರಿಗೆ ಇಟ್ಟಿದ್ದಳು. ಬೋರ್ಡಿನ ಹಳೆಯ ಕುಂಕುಮವನ್ನು ಅವಳು ಒರೆಸಲಿಲ್ಲ, ಹೊಸದು ಇಡಲೂ ಇಲ್ಲ. ಆ ಮಳೆಗಾಲ ಪಡುವಲ ಪಡಸಾಲೆ ಸೋರಲಿಲ್ಲ.